ಹಳೇ ಸ್ಪೋರ್ಟ್ಸ್ ಕಾರ್ ಶೋಕ್ಕ ಒಯ್ಯೋರು ಪಾಲಿಶ್ ಡಬ್ಬಿ ಆಮ್ಯಾಲೆ ತಗೀರಿ

ಜಡ್ಜಿಂಗ್ ಇರೋ ಶೋಕ್ಕ ಗಾಡಿ ಒಯ್ಯೋದು ಅಂತ ಆತಂದ್ರ ನಮ್ ಹುಬ್ಬಳ್ಳಿ ಮಂದಿ ಮೊದಲ ಹುಡುಕೋದು ಪೇಂಟರ್‌ನ. ತಡೀರಿ ಸ್ವಲ್ಪ. ಜಡ್ಜ್ ಮಿಂಚೋದೂ ನೋಡ್ತಾರ ಖರೆ, ಆದ್ರ ಅದಕ್ಕಿಂತ ಜಾಸ್ತಿ ನೋಡೋದು ಈ ಗಾಡಿ ಫ್ಯಾಕ್ಟರಿಯಿಂದ ಹೊರಗ ಬಂದಾಗ ಹಿಂಗ ಇತ್ತೇನು ಅಂತ. ಇಲ್ಲಾಂದ್ರ ಮಾರ್ಕ್ಸ್ ಕಟ್.

ಬ್ರಿಟನ್ನಿನ ಎಂಜಿ ಕಂಪನಿಯ ಟಿಡಿ ಮಾಡೆಲ್ ತಗೋರಿ, 1950ರಿಂದ 53ರ ತನಕ ಬಂದ ಎರಡು ಸೀಟಿನ ಗಾಡಿ, 1250 ಸಿಸಿ ಇಂಜಿನ್ನು, ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್. ಚಂದ ಕಾಣತೈತಿ ಅಂತ ಭಾಳ ಮಂದಿ ಅದಕ್ಕ ಸ್ಪೋಕ್ ವೀಲ್ ಹಾಕಸ್ತಾರ, ಆದ್ರ ಕಂಪನಿ ಟಿಡಿಗೆ ಕೊಟ್ಟಿದ್ದು ತಗಡಿನ ಡಿಸ್ಕ್ ವೀಲ್, ಸ್ಪೋಕ್ ಇದ್ದದ್ದು ಅದರ ಹಿಂದಿನ ಮಾಡೆಲ್ ಟಿಸಿಗೆ. ವೈರಿಂಗ್‌ಗೆ ಪ್ಲಾಸ್ಟಿಕ್ ಟೈ ಬಿಗಿದಿರ್ತಾರ, ಆ ಟೈ ಹುಟ್ಟಿದ್ದೇ 1958ರಾಗ, 52ರ ಗಾಡ್ಯಾಗ ಅದಕ್ಕೇನ್ ಕೆಲಸ ಹೇಳ್ರಿ?

ಇದರ ಇಂಜಿನ್ ಬೋಲ್ಟ್ ಇನ್ನೊಂದು ತಲಿನೋವು, ಥ್ರೆಡ್ ಮೆಟ್ರಿಕ್, ತಲಿ ಮಾತ್ರ ವಿಟ್‌ವರ್ತ್ ಅನ್ನೋ ಹಳೇ ಬ್ರಿಟಿಷ್ ಇಂಚಿನ ಸೈಜಿಂದು. ಗ್ಯಾರೇಜ್ ಹುಡುಗರು ಕೈಗೆ ಸಿಕ್ಕ ಪಾನಾ ಹಾಕಿ ತಿರುವಿದ್ರ ಮೂಲಿ ಎಲ್ಲಾ ದುಂಡಗ ಆಗ್ತಾವ, ಬಾನೆಟ್ ಎತ್ತಿದ್ರ ಮೊದಲ ಕಣ್ಣಿಗೆ ಬೀಳೋದೂ ಅದ. ವಿಟ್‌ವರ್ತ್ ಪಾನಾ ಸೆಟ್ ಒಂದು ತರಿಸಿ ಇಟ್ಕೋರಿ. ಮತ್ತ ಬ್ಯಾಟರಿ ಪಾಸಿಟಿವ್ ಅರ್ಥ್ ಐತಿ, ಅಂದ್ರ ಬಾಡಿಗೆ ಕೂಡಿಸಿರೋದು ಪ್ಲಸ್ ವೈರು, ಎಲೆಕ್ಟ್ರಿಷಿಯನ್‌ಗೆ ಮುಟ್ಟೋಕಿಂತ ಮೊದಲ ಹೇಳ್ರಿ.

ಒಂದು ಫೈಲ್ ಮಾಡ್ರಿ: ಆರ್‌ಸಿ, ಹಳೇ ಫೋಟೋ, ಬಿಲ್, ಹ್ಯಾಂಡ್‌ಬುಕ್. ಚಾಸಿ ನಂಬರ್, ಇಂಜಿನ್ ನಂಬರ್ ಎರಡೂ ಆರ್‌ಸಿಗೆ ತಾಳೆ ಆಗಬೇಕು. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ಅಂತ ಗುರುತಿಸಿ ‘ವಿಎ’ ಅಕ್ಷರ ಇರೋ ನಂಬರ್ ಕೊಡೋ 2021ರ ಕೇಂದ್ರದ ನಿಯಮದಾಗೂ ಚಾಸಿ, ಬಾಡಿ, ಇಂಜಿನ್ ಬದಲಾಯಿಸಿರಬಾರದು ಅಂತನ ಐತಿ. ಹಳೇ ಲೆದರ್ ಸೀಟ್ ಸೀಳಿದ್ರ ಕಿತ್ತು ರೆಕ್ಸಿನ್ ಹಾಕಸಬ್ಯಾಡ್ರಿ. ಒರಿಜಿನಲ್ ಹಂಗ ಉಳಿದ ಗಾಡಿಗೆ ಬ್ಯಾರೆ ಕ್ಲಾಸ್ ಇದ್ರ ಅದರಾಗ ಎಂಟ್ರಿ ಮಾಡ್ರಿ, ರಿಸ್ಟೋರ್ ಆದವುಗಳ ಜೋಡಿ ನಿಲ್ಲಿಸಿದ್ರ ಗಾಡಿಗೆ ಅನ್ಯಾಯ.

ಇಷ್ಟೆಲ್ಲಾ ಆದಮ್ಯಾಲೆ ತೊಳಿಯೋದು. ನಮ್ಮಲ್ಲಿ ಎರಿ ಮಣ್ಣಿನ ಧೂಳು ಪೇಂಟ್ ಮ್ಯಾಲೆ ಕೂತಿರತೈತಿ, ಒಣ ಅರಿವಿಲೆ ಒರಸಿದ್ರಿ ಅಂದ್ರ ಬಿಸಲಾಗ ಗೀರು ಗೀರು ಕಾಣಸ್ತಾವ, ಅದಕ್ಕ ಮೊದಲ ಬರೇ ನೀರು ಬಿಡ್ರಿ, ಆಮ್ಯಾಲೆ ಎರಡು ಬಕೆಟ್ ಇಟ್ಕೊಂಡು ಒಂದರಾಗ ಶಾಂಪೂ ಇನ್ನೊಂದರಾಗ ಸ್ಪಂಜ್ ತೊಳಿಯಾಕ ನೀರು. ಬೋರ್ ನೀರು ಗಡಸು, ಆರಿದ್ರ ಬಿಳೇ ಕಲಿ ಉಳೀತಾವ. ಕಡೀ ನೀರಿಗೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಕ್ಯಾನ್ ತಂದು ಬಿಡ್ರಿ, ನಗೋರು ನಗ್ಲಿ. ನೆರಳಾಗ, ಮುಂಜಾನೆ ತೊಳೀರಿ. ಇಂಜಿನ್ ಮ್ಯಾಲೆ ಪ್ರೆಶರ್ ಪೈಪ್ ಬ್ಯಾಡ, ಹಳೇ ಟೂತ್‌ಬ್ರಶ್ ಸಾಕು. ಟೈರಿಗೆ ಎಣ್ಣಿಯಂಥ ಶೈನರ್ ಬಳಿಯೋ ಚಟ ಬಿಡ್ರಿ, ಅಸಹ್ಯ ಕಾಣತೈತಿ.

ಹಾರ್ನ್, ಲೈಟ್, ವೈಪರ್, ಬಾಗಿಲಾ ಎಲ್ಲಾ ಚಾಲೂ ಇರಬೇಕು. ಗಾಡಿ ಕೆಳಗ ಮಲಗಿ ಟಾರ್ಚ್ ಬಿಟ್ಟು ಆಯಿಲ್, ಪೆಟ್ರೋಲ್ ಸೋರತೈತೇನು ನೋಡ್ರಿ. ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ಪೈಪ್ ತಡಿಯೂದಿಲ್ಲ, ಮೆತ್ತಗಾಗಿದ್ರ ಬದಲಾಯಿಸ್ರಿ. ಇಲ್ಲಿ ಒರಿಜಿನಲ್ ಹಟ ಬ್ಯಾಡ.

ಬೆಂಗಳೂರು ಕಡೆ ಶೋ ಇದ್ರ 400 ಕಿಲೋಮೀಟರ್ ಓಡಿಸಿಕೊಂಡು ಹೋಗಬ್ಯಾಡ್ರಿ, ಮುಚ್ಚಿದ ಟ್ರಕ್ ಹಿಡೀರಿ, ಬೆಲ್ಟ್ ಬಂಪರ್‌ಗೆ ಬಿಗಿಯಾಕ ಬಿಡಬ್ಯಾಡ್ರಿ. ಅಲ್ಲಿ ಇಳಿಸಿದ ಮ್ಯಾಲೆ ಟೈರಿನ ಸಂದ್ಯಾಗ ಸಿಕ್ಕ ಹಳ್ಳು ತಗೀರಿ, ಜಾಕು ಟೂಲ್ ಹೊರಗ ಜೋಡಿಸಿಡ್ರಿ. ಜಡ್ಜ್ ಬಂದಾಗ ಕೇಳಿದ್ದಕ್ಕಷ್ಟ ಉತ್ತರ ಕೊಡ್ರಿ, ಅಜ್ಜನ ಕಾಲದ ಕಥಿ ಶುರು ಹಚ್ಚಿದ್ರ ಅವ್ರು ಮುಂದಿನ ಗಾಡಿಗೆ ಹೊಂಟಬಿಡ್ತಾರ. ಸ್ಕೋರ್ ಶೀಟ್ ಕೊಟ್ರ ಅದನ್ನೂ ಫೈಲಿಗೆ ಹಾಕ್ರಿ, ಎಲ್ಲೆಲ್ಲಿ ಕಟ್ ಆಗೈತಿ ನೋಡ್ಕೊಂಡು ಮುಂದಿನ ಶೋಕ್ಕ ಅಲ್ಲಿಂದನ ಕೆಲಸ ಹಿಡೀರಿ.