ಗಂಜಿ ಕೇಂದ್ರದಲ್ಲಿ ಕೈ ತೊಳೆಸಿದ್ದು

2019ರ ಆಗಸ್ಟ್. ಘಟಪ್ರಭಾ ಉಕ್ಕಿ ಮುಧೋಳ ತಾಲೂಕಿನ ಹೊಳೆಸಾಲಿನ ಊರುಗಳಿಗೆ ನೀರು ನುಗ್ಗಿತ್ತು. ಶಾಲೆಯೊಂದರಲ್ಲಿ ತೆರೆದ ಗಂಜಿ ಕೇಂದ್ರಕ್ಕೆ ನಾನು ಆರೋಗ್ಯದ ಕೆಲಸಕ್ಕೆ ಹೋದೆ. ಮಂದಿ ಇನ್ನೂರರ ಮೇಲೆ, ಪಾಯಿಖಾನೆ ಎರಡು. ಒಬ್ಬರಿಗೆ ವಾಂತಿಭೇದಿ ಹತ್ತಿದರೆ ಮುಗೀತು.

ಮೊದಲ ದಿನ ಚಾರ್ಟು ಹಿಡಿದು ಭಾಷಣ ಮಾಡಿದೆ. ಅಜ್ಜಿಯೊಬ್ಬರು ಕೇಳಿದರು: "ಮನೀನ ಹೊಳಿ ಪಾಲಾಗೇತಿ. ಇನ್ನ ಕೈ ತೊಳಕೊಂಡು ಏನ್ ಮಾಡ್ಲಿ ತಂಗಿ?" ಚಾರ್ಟು ಸುತ್ತಿಟ್ಟೆ.

ಆಮೇಲೆ ಸುಮ್ನೆ ಕೂತು ನೋಡಿದೆ. ಕೈ ತೊಳೆಯಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ನಳ ಗೇಟಿನ ಹತ್ತಿರ, ಪಾಯಿಖಾನೆ ಹಿತ್ತಲಲ್ಲಿ, ನಡುವೆ ಪಾದ ಮುಳುಗುವ ಕೆಸರು. ಯಾರು ಹೋಗ್ತಾರೆ? ಪಾಯಿಖಾನೆ ಬಾಗಿಲಲ್ಲೇ ಬಕೆಟ್, ಚರಿಗೆ ಇಟ್ಟೆ. ಅದೂ ತಪ್ಪು. ಎಲ್ಲರ ಹೊಲಸು ಕೈ ಅದೇ ನೀರಲ್ಲಿ! ಮರುದಿನ ನಳ ಕೂಡಿಸಿದ ಡ್ರಮ್ ತರಿಸಿ, ಕೆಳಗೆ ಪರ್ಸಿ ಕಲ್ಲು ಹಾಸಿದೆವು. ಊಟದ ಪಾಳಿ ಶುರುವಾಗುವಲ್ಲಿ ಇನ್ನೊಂದು ಇಟ್ಟೆವು.

ಸೋಪು ಮಧ್ಯಾಹ್ನದೊಳಗೆ ಮಾಯ. ಕಳ್ಳತನ ಅನ್ನಲಾರೆ. ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಮೈಗೂ ಬೇಕು, ಬಟ್ಟೆಗೂ ಬೇಕಲ್ವಾ? ಇಂಥ ಶಿಬಿರಗಳಿಗಿರುವ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೇ ತಲೆಗೆ ತಿಂಗಳಿಗೆ 250 ಗ್ರಾಂ ಮೈಸೋಪು, 200 ಗ್ರಾಂ ಬಟ್ಟೆ ಸೋಪು ಎಂದಿದೆ. ಹಾಗಾಗಿ ಮೊದಲು ಒಂದೊಂದು ಕುಟುಂಬಕ್ಕೂ ಸೋಪು ಹಂಚಿದೆವು. ಆಮೇಲೆ ಉಳ್ಳಾಗಡ್ಡಿ ಚೀಲದ ಬಲೆಯಲ್ಲಿ ಒಂದನ್ನು ಕಟ್ಟಿ ಡ್ರಮ್ಮಿಗೆ ಇಳಿಬಿಟ್ಟೆವು. ಅದು ಉಳಿಯಿತು. ಮೇಲೊಂದು ಕನ್ನಡಿ ಹಾಕಿಸಿದ್ದು ಹೆಣ್ಣುಮಕ್ಕಳು. ಕೇಂದ್ರದಲ್ಲಿ ಬೇರೆಲ್ಲೂ ಕನ್ನಡಿ ಇರಲಿಲ್ಲ. ಮುಖ ನೋಡಿಕೊಳ್ಳಲು ಬಂದವರು ಕೈಯನ್ನೂ ತೊಳೆದೇ ಹೋಗುತ್ತಿದ್ದರು.

ಇರಾಕಿನ ಶಿಬಿರವೊಂದರಲ್ಲಿ ಒಳಗೆ ಆಟಿಕೆ ಕಾಣುವ ಸೋಪು ಕೊಟ್ಟಾಗ ಮಕ್ಕಳು ನಾಲ್ಕು ಪಟ್ಟು ಜಾಸ್ತಿ ಕೈ ತೊಳೆದಿದ್ದರು ಅಂತ ಓದಿದ್ದೆ. ನಮ್ಮಲ್ಲಿ ಆಟಿಕೆ ಎಲ್ಲಿ ಬಂತು? ಕಣ್ಣಿಗೆ ಕಾಣದ ಹೊಲಸು ಹೇಗೆ ಹರಡುತ್ತದೆ ಅಂತ ತೋರಿಸಲು ಎಣ್ಣೆಯಲ್ಲಿ ಅರಿಷಿಣ ಕಲಸಿ ಒಬ್ಬ ಹುಡುಗನ ಅಂಗೈಗೆ ಹಚ್ಚಿದೆ. ಎಲ್ಲರ ಕೈ ಕುಲುಕಿ ಬಾ ಅಂದೆ. ಹತ್ತು ನಿಮಿಷಕ್ಕೆ ಅರಿಷಿಣ ಕೈಯಿಂದ ಕೈಗೆ, ಗಲ್ಲಕ್ಕೆ, ರೊಟ್ಟಿಗೆ. ಬರೀ ನೀರಿಗೆ ಹೋಗಲಿಲ್ಲ. ಸೋಪು ಹಚ್ಚಿದ ಕೂಡಲೇ ಹುಡುಗ ಚೀರಿದ: "ಅಕ್ಕಾರ, ಕೆಂಪ ಆತು!" ಸೋಪಿನ ಕ್ಷಾರಕ್ಕೆ ಅರಿಷಿಣ ಕೆಂಪಾಗುತ್ತದೆ. ನಾನೇ ಮರೆತಿದ್ದೆ. ಆಮೇಲೆ ಕೆಂಪು ಮಾಡುವುದೇ ಆಟವಾಯಿತು. ಬಲೆಯ ಸೋಪು ಬೇಗ ಬೇಗ ಸವೆಯಿತು.

ಒಂದರಲ್ಲಿ ಸೋತೆ. ಕೂಸಿನ ಮಲ ಹೊಲಸಲ್ಲ ಅನ್ನುವ ತಾಯಂದಿರನ್ನು ಒಪ್ಪಿಸಲು ಆಗಲೇ ಇಲ್ಲ. ಅವರಲ್ಲಿ ಇಬ್ಬರು ಮಾತ್ರ ನನ್ನ ದಾಕ್ಷಿಣ್ಯಕ್ಕಾದರೂ ಸೋಪು ಮುಟ್ಟುತ್ತಿದ್ದರು.

ಕೇಂದ್ರ ಮುಚ್ಚಿದ ದಿನ ಡ್ರಮ್ ಇತ್ತು, ಬಲೆ ಇತ್ತು. ಕನ್ನಡಿ ಇರಲಿಲ್ಲ. ನಾನೂ ಕೇಳಲಿಲ್ಲ.