ಗಾಡಿಯೊಳಗಿನ ಗೀಸರ್: ಬೋರ್ ನೀರಿನ ಸುಣ್ಣದಿಂದ ಉಳಿಸಿಕೊಳ್ಳುವುದು ಹೇಗೆ?

ಟೆಂಪೊ ಟ್ರಾವೆಲರನ್ನು ಕ್ಯಾರವಾನ್ ಮಾಡಿಸಿಕೊಂಡು, ಮಲಗಲು ಮಂಚ, ಅಡುಗೆಗೊಂದು ಕಟ್ಟೆ, ಸ್ನಾನಕ್ಕೊಂದು ಪುಟ್ಟ ಕೋಣೆ ಇಟ್ಟುಕೊಂಡು ಊರೂರು ಸುತ್ತುವವರು ಮೈಸೂರಿನಲ್ಲೂ ಇದ್ದಾರೆ. ಎಂಜಿನ್ ಆಯಿಲ್, ಟೈರು, ಬ್ಯಾಟರಿ ಇವುಗಳ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ. ಗೀಸರ್ ನೆನಪಾಗುವುದು ಮಾತ್ರ ನೀರು ಕಾಯದ ಬೆಳಿಗ್ಗೆಯೇ.

ಗಾಡಿಯ ಗೀಸರ್ ನೋಡಿಕೊಳ್ಳುವ ಬಗ್ಗೆ ಸಿಗುವ ಮಾಹಿತಿ ಬಹುಪಾಲು ಅಮೆರಿಕ, ಕೆನಡಾದವರದ್ದು. ಅಲ್ಲಿ ಚಳಿಗಾಲದಲ್ಲಿ ಗೀಸರ್ ತೊಟ್ಟಿಯ ನೀರು ಹೆಪ್ಪುಗಟ್ಟಿ ಹಿಗ್ಗಿ, ತೊಟ್ಟಿಯನ್ನೇ ಸೀಳಿಬಿಡುತ್ತದೆ. ಅದಕ್ಕೇ ಅವರ ಕೈಪಿಡಿಯ ಅರ್ಧ ಭಾಗ ನೀರು ಬಸಿದು, ಪೈಪಿಗೆ ಹೆಪ್ಪುಗಟ್ಟದ ದ್ರವ ತುಂಬುವುದರಲ್ಲೇ ಮುಗಿಯುತ್ತದೆ. ಮೈಸೂರು, ಮಂಡ್ಯದಲ್ಲಿ ಆ ಭಯವಿಲ್ಲ. ಇಲ್ಲಿ ಗೀಸರನ್ನು ತಿಂದುಹಾಕುವುದು ನೀರಿನೊಳಗಿನ ಸುಣ್ಣ. ಅದಕ್ಕೆ ಮದ್ದು ವರ್ಷಕ್ಕೊಮ್ಮೆ ಗೀಸರನ್ನು ಬಿಚ್ಚಿ ತೊಳೆಯುವುದು.

ಮೊದಲು ನೀರು ನೋಡಿ

ಹೊಂಗಳ್ಳಿ, ಬೆಳಗೊಳ, ಮೇಳಾಪುರದಿಂದ ಬರುವ ಕಾವೇರಿ ನೀರನ್ನೋ ಬಿದರಗೂಡಿನಿಂದ ಬರುವ ಕಬಿನಿ ನೀರನ್ನೋ ತುಂಬಿಸಿಕೊಂಡು ಹೊರಟರೆ ಗೀಸರ್ ಹೆಚ್ಚು ಕಾಲ ಚೆನ್ನಾಗಿರುತ್ತದೆ. ಆದರೆ ಗಾಡಿಯ ಟ್ಯಾಂಕು ದಾರಿಯಲ್ಲಿ ಖಾಲಿಯಾಗುತ್ತದೆ, ಆಗ ಪೆಟ್ರೋಲ್ ಬಂಕಿನಲ್ಲೋ ತೋಟದ ಮನೆಯಲ್ಲೋ ಸಿಗುವುದು ಬೋರ್ ನೀರು. ಮಂಡ್ಯ, ನಾಗಮಂಗಲ, ಮದ್ದೂರಿನ ಕಡೆ ಅಜ್ಜಿಯರನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳುತ್ತಾರೆ: ‘ಈ ನೀರಲ್ಲಿ ಬೇಳೆ ಬೇಯಲ್ಲ.’ ಬೇಳೆ ಬೇಯದ ನೀರು, ಸೋಪಿನ ನೊರೆ ಬಾರದ ನೀರು ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳೇ ಕಾದಾಗ ಬಿಳಿ ಪದರವಾಗಿ, ನೀರು ಕಾಯಿಸುವ ಕಾಯಿಲ್‌ಗೆ ಅಂಟುತ್ತವೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು. ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಕುಡಿಯಲು ನಡೆಯುತ್ತದೆ ಎಂದ ಮಾತ್ರಕ್ಕೆ ಗೀಸರ್‌ಗೂ ನಡೆಯುತ್ತದೆ ಎಂದಲ್ಲ. 200 ದಾಟಿದ ನೀರನ್ನೇ ಹೆಚ್ಚು ಬಳಸುವವರು ವರ್ಷಕ್ಕೆ ಕಾಯದೆ ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಇನ್ನು, ಟ್ಯಾಂಕಿನ ಮುಂದೆ ಹಾಕುವ ಸಾಮಾನ್ಯ ಫಿಲ್ಟರ್ ಮರಳು, ಮಣ್ಣು ತಡೆಯುತ್ತದೆ ಅಷ್ಟೇ. ನೀರಿನಲ್ಲಿ ಕರಗಿದ ಸುಣ್ಣವನ್ನು ಅದು ಹಿಡಿಯುವುದಿಲ್ಲ, ಅದಕ್ಕೆ ಉಪ್ಪು ಹಾಕಿ ತೊಳೆಯುವ ಸಾಫ್ಟ್‌ನರ್ ಬೇಕು. ಗಾಡಿಯಲ್ಲಿ ಅದಕ್ಕೆ ಜಾಗ ಹುಡುಕುವುದು ಕಷ್ಟ. ಮನೆಯಲ್ಲಿ ಸಾಫ್ಟ್‌ನರ್ ಇದ್ದರೆ ಅಲ್ಲಿಂದಲೇ ತುಂಬಿಸಿಕೊಳ್ಳಿ.

ನಿಮ್ಮದು ಯಾವ ಗೀಸರ್?

ಇಲ್ಲಿ ಕಟ್ಟುವ ಗಾಡಿಗಳಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ಬಳಸುವ 10 ಅಥವಾ 15 ಲೀಟರಿನ ಕರೆಂಟ್ ಗೀಸರನ್ನೇ ಕೂರಿಸಿರುತ್ತಾರೆ. ಅದರ ತೊಟ್ಟಿ ಹೆಚ್ಚಾಗಿ ಉಕ್ಕಿನದು, ಒಳಗೆ ಗಾಜಿನ ಲೇಪ. ಜೊತೆಗೆ ತೊಟ್ಟಿಗೆ ತುಕ್ಕು ಹತ್ತದಂತೆ ಕಾಯುವ ಮೆಗ್ನೀಷಿಯಂ ರಾಡ್ ಒಂದಿರುತ್ತದೆ. ಹೊರದೇಶದಿಂದ ತರಿಸಿದ್ದಾದರೆ ಆರು ಗ್ಯಾಲನ್, ಅಂದರೆ ಸುಮಾರು 23 ಲೀಟರಿನ ಗ್ಯಾಸ್ ಗೀಸರ್ ಇರಬಹುದು. ಅವುಗಳಲ್ಲಿ ಸಬರ್ಬನ್ ಕಂಪನಿಯದು ಉಕ್ಕಿನ ತೊಟ್ಟಿ, ರಾಡ್ ಇದೆ. ಆಟ್‌ವುಡ್‌ನದು ಅಲ್ಯೂಮಿನಿಯಂ ತೊಟ್ಟಿ, ಅದಕ್ಕೆ ರಾಡ್ ಇರುವುದೇ ಇಲ್ಲ, ಹುಡುಕುತ್ತಾ ಕೂರಬೇಡಿ. ಮುಂದೆ ಹೇಳುವುದು ಕರೆಂಟ್ ಗೀಸರ್‌ನ ಕೆಲಸ. ಗ್ಯಾಸಿನದಕ್ಕೆ ಕೊನೆಯಲ್ಲಿ ಬರುತ್ತೇನೆ.

ನೀರು ಬಸಿಯುವುದು

ಹೊರಗಿನಿಂದ ಕರೆಂಟ್ ತರುವ ಕೇಬಲ್ಲನ್ನು ಪೂರ್ತಿ ಕಿತ್ತಿಡಿ. ಇನ್ವರ್ಟರನ್ನೂ ಆರಿಸಿ. ಸ್ವಿಚ್ ಆಫ್ ಮಾಡಿದ್ದೇನಲ್ಲ ಎಂದು ಕೈ ಹಾಕಬೇಡಿ, ಗಾಡಿಯ ವೈರಿಂಗಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಇದ್ದರೂ ಒಳಗೆ ಕರೆಂಟ್ ಇರುತ್ತದೆ. ಟೆಸ್ಟರ್ ಇಟ್ಟು ನೋಡಿ. ಹಿಂದಿನ ರಾತ್ರಿಯೇ ಆರಿಸಿಟ್ಟರೆ ನೀರು ಚೆನ್ನಾಗಿ ತಣ್ಣಗಾಗಿರುತ್ತದೆ.

ನೀರಿನ ಪಂಪ್ ಆಫ್ ಮಾಡಿ, ಬಿಸಿನೀರಿನ ನಲ್ಲಿ ತೆರೆದಿಡಿ. ಗೀಸರ್‌ನ ಕೆಳಗೆ ಎರಡು ಪೈಪ್ ಇರುತ್ತವೆ, ತಣ್ಣೀರು ಒಳಹೋಗುವ ಕಡೆ ಹಿತ್ತಾಳೆಯ ಸೇಫ್ಟಿ ವಾಲ್ವ್ ಕೂರಿಸಿರುತ್ತಾರೆ. ಅದರ ಕೆಳಗೆ ಬಕೆಟ್ ಇಟ್ಟು ವಾಲ್ವನ್ನು ಸ್ಪ್ಯಾನರಿನಿಂದ ಬಿಚ್ಚಿ. ತೆರೆದ ನಲ್ಲಿಯಿಂದ ಗಾಳಿ ಒಳಗೆ ಹೋಗಿ, ನೀರು ಈ ಕಡೆಯಿಂದ ಇಳಿಯುತ್ತದೆ. ನಲ್ಲಿ ಮುಚ್ಚಿದ್ದರೆ ಗಾಳಿಯಿಲ್ಲದೆ ನೀರು ಅಲ್ಲೇ ನಿಂತುಬಿಡುತ್ತದೆ. ಬಕೆಟ್ಟಿನ ತಳದಲ್ಲಿ ಬಿಳಿ ನುಚ್ಚಿನಂಥ ಚೂರುಗಳು ಕಂಡರೆ ಒಳಗೆ ಸುಣ್ಣ ಕಟ್ಟಿದೆ ಎಂದೇ ಅರ್ಥ. ನೀರು ಕೆಂಪಾಗಿದ್ದರೆ ತುಕ್ಕು ಹತ್ತಿದೆ. ಆಗ ರಾಡ್ ನೋಡುವ ತುರ್ತು ಹೆಚ್ಚು.

ಬಿಚ್ಚಿದಾಗ ಏನೇನು ನೋಡಬೇಕು

ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಥರ್ಮೋಸ್ಟಾಟ್ (ಬಿಸಿಯನ್ನು ಹತೋಟಿಯಲ್ಲಿಡುವ ಭಾಗ), ಕಾಯಿಲ್‌ನ ತುದಿಗಳು, ವೈರುಗಳು ಕಾಣುತ್ತವೆ. ಒಂದು ವೈರನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ವೈರ್ ಕಳಚಿ, ಥರ್ಮೋಸ್ಟಾಟನ್ನು ಮೆಲ್ಲಗೆ ಎಳೆದು, ದುಂಡನೆಯ ಲೋಹದ ತಟ್ಟೆಯ ಬೋಲ್ಟುಗಳನ್ನು ಬಿಚ್ಚಿ. ತಟ್ಟೆಗೆ ಅಂಟಿಕೊಂಡೇ ಕಾಯಿಲ್ ಮತ್ತು ಮೆಗ್ನೀಷಿಯಂ ರಾಡ್ ಹೊರಗೆ ಬರುತ್ತವೆ. ಕಾಯಿಲ್ ದಪ್ಪಗೆ ಸುಣ್ಣ ಕಟ್ಟಿದ್ದರೆ ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ, ಜಗ್ಗಬೇಡಿ. ಅತ್ತಿತ್ತ ಅಲುಗಿಸಿ, ಪದರ ಉದುರಿಸಿಕೊಂಡೇ ಹೊರಗೆ ತನ್ನಿ.

ಈಗ ರಾಡ್ ನೋಡಿ. ಹೊಸದು ಬೂದು ಬಣ್ಣದ, ಬೆರಳುಗಾತ್ರದ ನೇರ ಕಡ್ಡಿ. ಬಳಸಿದ್ದು ಗುಳಿಗುಳಿ ಬಿದ್ದು, ಅಲ್ಲಲ್ಲಿ ಸಣ್ಣಗಾಗಿರುತ್ತದೆ. ಪೂರ್ತಿ ಸವೆದಿದ್ದರೆ ನಡುವಿನ ಕಬ್ಬಿಣದ ತಂತಿಯಷ್ಟೇ ಉಳಿದಿರುತ್ತದೆ. ಹೀಗೆ ಸವೆಯುವುದೇ ಅದರ ಕೆಲಸ. ಮೆಗ್ನೀಷಿಯಂ ಉಕ್ಕಿಗಿಂತ ಬೇಗ ನೀರಿಗೆ ಕರಗುತ್ತದೆ. ಗಾಜಿನ ಲೇಪದಲ್ಲಿ ಕೂದಲೆಳೆಯ ಬಿರುಕಿದ್ದರೂ ತುಕ್ಕು ತೊಟ್ಟಿಯನ್ನು ಬಿಟ್ಟು ಮೊದಲು ರಾಡನ್ನು ತಿನ್ನುತ್ತದೆ. ರಾಡ್ ಮುಗಿದ ಮರುದಿನದಿಂದ ತೊಟ್ಟಿಯ ಸರದಿ. ತೊಟ್ಟಿ ತೂತಾದರೆ ರಿಪೇರಿ ಇಲ್ಲ, ಇಡೀ ಗೀಸರನ್ನೇ ಎಸೆಯಬೇಕು. ರಾಡ್ ಬೆಲೆ ಹೊಸ ಗೀಸರಿನ ಮುಂದೆ ಏನೇನೂ ಅಲ್ಲ. ಮೂರರಲ್ಲೊಂದು ಪಾಲು ಮಾತ್ರ ಉಳಿದಿದ್ದರೆ ಯೋಚಿಸದೆ ಬದಲಿಸಿ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಸ್ಪೇರ್ ಅಂಗಡಿಗೆ ಹೋಗಿ, ಉದ್ದವೂ ಥ್ರೆಡ್ಡೂ ಕಂಪನಿಯಿಂದ ಕಂಪನಿಗೆ ಬೇರೆ.

ಕಾಯಿಲ್‌ನ ಸುಣ್ಣ ಕರಗಿಸಲು ಅಡುಗೆಮನೆಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಸಾಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಕಲಸಿ. ರಾಡನ್ನು ಮೊದಲು ಬಿಚ್ಚಿಟ್ಟು (ಹುಳಿ ಮೆಗ್ನೀಷಿಯಂಅನ್ನೂ ತಿನ್ನುತ್ತದೆ) ಕಾಯಿಲನ್ನು ಮಾತ್ರ ಅದರಲ್ಲಿ ಮುಳುಗಿಸಿ. ವೈರ್ ಸಿಕ್ಕಿಸುವ ತುದಿ ನೀರಿಗೆ ತಾಗಬಾರದು. ಬುರುಬುರು ನೊರೆ ಬರುತ್ತದೆ, ಅದು ಸುಣ್ಣ ಕರಗುವಾಗ ಬರುವ ಇಂಗಾಲದ ಡೈಆಕ್ಸೈಡ್. ನೊರೆ ನಿಂತ ಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಒಳ್ಳೆಯ ನೀರಿನಲ್ಲಿ ತೊಳೆಯಿರಿ. ಕಾಯಿಲ್‌ನ ಹೊರಕವಚ ಉಬ್ಬಿದ್ದರೆ, ಬಿರುಕು ಕಂಡರೆ ತೊಳೆದು ಪ್ರಯೋಜನವಿಲ್ಲ, ಬದಲಿಸಿ.

ಎರಡು ಕೆಲಸ ಮಾತ್ರ ಮಾಡಲೇಬೇಡಿ. ಬೇಗ ಆಗಲಿ ಎಂದು ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವವರಿದ್ದಾರೆ. ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ, ಗಾಡಿಯಂಥ ಇಕ್ಕಟ್ಟಿನ ಜಾಗದಲ್ಲಿ ಅದರ ಹೊಗೆ ಎದೆಗೆ ಹತ್ತುತ್ತದೆ. ಇನ್ನೊಂದು, ತೊಟ್ಟಿಯ ಒಳಗೆ ಸ್ಕ್ರೂಡ್ರೈವರ್ ಹಾಕಿ ಕೆರೆಯುವುದು. ಗಾಜಿನ ಲೇಪ ಒಂದು ಕಡೆ ಚಕ್ಕೆ ಎದ್ದರೆ ಅಲ್ಲಿಂದಲೇ ತೊಟ್ಟಿ ಹಾಳಾಗಲು ಶುರು. ಒಳಗಿನ ಚೂರುಗಳನ್ನು ಕೈಯಿಂದ ಬಾಚಿ ತೆಗೆದು, ಪೈಪಿನಿಂದ ನೀರು ಹೊಡೆದು ತೊಳೆಯಿರಿ.

ಮತ್ತೆ ಜೋಡಿಸುವಾಗ ರಬ್ಬರ್ ವಾಷರ್ ಹೊಸದೇ ಇರಲಿ. ಬೋಲ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯಬೇಡಿ. ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತಾ ಹೋದರೆ ತಟ್ಟೆ ಸಮನಾಗಿ ಕೂರುತ್ತದೆ.

ತೊಟ್ಟಿಕ್ಕುವ ವಾಲ್ವ್

‘ಸೇಫ್ಟಿ ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆ’ ಎಂಬ ದೂರು ಬಹಳ. ನೀರು ಕಾಯುವಾಗ ತೊಟ್ಟಿಕ್ಕಿ, ಕಾದ ಮೇಲೆ ನಿಂತರೆ ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ, ಒಂದು ಲೋಟದಷ್ಟು. ನಲ್ಲಿಗಳೆಲ್ಲ ಮುಚ್ಚಿರುವಾಗ ಆ ನೀರು ಹೋಗಬೇಕಾದ ದಾರಿ ಅದೊಂದೇ. ಗಾಡಿಯ ಹಾಸು ನೆನೆಯುತ್ತದೆಂದು ವಾಲ್ವಿನ ಬಾಯಿಗೆ ಪ್ಲಗ್ ಬಡಿದವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಥರ್ಮೋಸ್ಟಾಟೂ ಕೈಕೊಟ್ಟ ದಿನ ತೊಟ್ಟಿ ಸಿಡಿಯುತ್ತದೆ, ಅದು ಇರುವುದು ನೀವು ಮಲಗುವ ಜಾಗದಿಂದ ನಾಲ್ಕು ಅಡಿ ದೂರದಲ್ಲಿ. ವಾಲ್ವಿನ ಬಾಯಿಗೆ ಸಣ್ಣ ಪೈಪ್ ಸಿಕ್ಕಿಸಿ ಗಾಡಿಯ ಕೆಳಕ್ಕೆ ಬಿಡಿ, ಹಾಸು ನೆನೆಯುವ ತಾಪತ್ರಯ ಅಲ್ಲಿಗೆ ಮುಗಿಯಿತು.

ಎರಡು ಮೂರು ತಿಂಗಳಿಗೊಮ್ಮೆ, ನೀರು ತಣ್ಣಗಿರುವಾಗ, ವಾಲ್ವಿನ ಹಿಡಿಯನ್ನು ಎತ್ತಿ ಬಿಡಿ. ನೀರು ಚಿಮ್ಮಿ ನಿಲ್ಲಬೇಕು. ಸುಣ್ಣ ಕಟ್ಟಿ ಹಿಡಿ ಅಲುಗದಿದ್ದರೆ, ಅಥವಾ ಗೀಸರ್ ಆರಿಸಿದ ಮೇಲೂ ನೀರು ಸೋರುತ್ತಲೇ ಇದ್ದರೆ ಹೊಸ ವಾಲ್ವ್ ಹಾಕಿ.

ಕರೆಂಟ್ ಮತ್ತು ಅರ್ಥಿಂಗ್

2,000 ವಾಟಿನ ಗೀಸರ್ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುತ್ತದೆ. ನೆಂಟರ ಮನೆ ಮುಂದೆ ಗಾಡಿ ನಿಲ್ಲಿಸಿ, ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರಿನ ಪಾಯಿಂಟಿಗೆ ವೈರ್ ಸಿಕ್ಕಿಸಿದರೆ ಪಾಯಿಂಟ್ ಕರಗುತ್ತದೆ. 16 ಆಂಪಿಯರಿನ ಪಾಯಿಂಟೇ ಬೇಕು. ಬ್ಯಾಟರಿಯಿಂದ ಓಡಿಸುವ ಆಸೆಯಿದ್ದರೆ ಲೆಕ್ಕ ಹಾಕಿ: 15 ಲೀಟರ್ ಕಾಯಿಸಲು ಸುಮಾರು 0.6 ಯೂನಿಟ್ ಬೇಕು, 12 ವೋಲ್ಟ್ 200 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದೇ 2.4 ಯೂನಿಟ್. ಒಬ್ಬರ ಸ್ನಾನಕ್ಕೆ ಕಾಲು ಭಾಗ ಬ್ಯಾಟರಿ ಹೋಯಿತು. ಜೊತೆಗೆ ವೈರಿನಲ್ಲಿ 160ಕ್ಕೂ ಹೆಚ್ಚು ಆಂಪಿಯರ್ ಹರಿಯುತ್ತದೆ. ಎಲ್ಲ ಇನ್ವರ್ಟರಿಗೂ ಇದು ಆಗುವ ಮಾತಲ್ಲ.

ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ, ನೆಲಕ್ಕೂ ಅದರ ಬಾಡಿಗೂ ಸಂಬಂಧವಿಲ್ಲ. ಕಾಯಿಲ್‌ನಿಂದ ಕರೆಂಟ್ ಸೋರಿದರೆ ಇಡೀ ಬಾಡಿಯೇ ಶಾಕ್ ಹೊಡೆಯುತ್ತದೆ, ಅದೂ ಒದ್ದೆ ಕಾಲಿನಲ್ಲಿ ನೆಲದಿಂದ ಮೆಟ್ಟಿಲು ಹತ್ತುವವರಿಗೆ. ಆದ್ದರಿಂದ ಅರ್ಥಿಂಗ್ ಇಲ್ಲದ ಪಾಯಿಂಟಿಗೆ ಸಿಕ್ಕಿಸಲೇಬೇಡಿ. ಗಾಡಿಯೊಳಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿ, ಅದರ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡಿ. ರಸ್ತೆಯ ಕುಲುಕಾಟಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ. ವೈರಿನ ತುದಿ ಕಂದುಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಬಿಸಿಯಾಗುತ್ತಿದೆ, ಆ ತುದಿ ಕತ್ತರಿಸಿ ಹೊಸದಾಗಿ ಬಿಗಿಯಿರಿ. ಗೀಸರ್ ಕೂರಿಸಿದ ಕ್ಲ್ಯಾಂಪಿನ ಬೋಲ್ಟುಗಳನ್ನೂ ಜೊತೆಗೇ ನೋಡಿ.

ನೀರು ತುಂಬಿಸಿದ ಮೇಲಷ್ಟೇ ಸ್ವಿಚ್

ಎಲ್ಲ ಜೋಡಿಸಿದ ಮೇಲೆ ಪಂಪ್ ಹಾಕಿ, ಬಿಸಿನೀರಿನ ನಲ್ಲಿ ತೆರೆಯಿರಿ. ಮೊದಲು ಗಾಳಿ, ಆಮೇಲೆ ಗಾಳಿಯೂ ನೀರೂ ಬೆರೆತು ಉಗುಳುತ್ತದೆ. ಧಾರೆ ತಡೆಯಿಲ್ಲದೆ ಬರತೊಡಗಿದ ಮೇಲಷ್ಟೇ ಕರೆಂಟ್. ಮನೆಯಲ್ಲಾದರೆ ಓವರ್‌ಹೆಡ್ ಟ್ಯಾಂಕ್ ನೀರು ತಾನಾಗಿ ಇಳಿಯುತ್ತದೆ, ಗಾಡಿಯಲ್ಲಿ ಟ್ಯಾಂಕ್ ಬರಿದಾಗಿ ಪಂಪ್ ಗಾಳಿ ಎಳೆಯುತ್ತಿದ್ದರೂ ಗೊತ್ತಾಗುವುದಿಲ್ಲ. ಖಾಲಿ ತೊಟ್ಟಿಯಲ್ಲಿ ಕಾಯಿಲ್ ಉರಿದರೆ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ.

ಥರ್ಮೋಸ್ಟಾಟ್ 60 ಡಿಗ್ರಿಯಲ್ಲಿರಲಿ. ಅದಕ್ಕಿಂತ ಹೆಚ್ಚು ಕಾಯಿಸಿದರೆ ಸುಣ್ಣ ಬೇಗ ಕಟ್ಟುತ್ತದೆ. ತೀರಾ ಕಡಿಮೆ ಇಟ್ಟರೆ, ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾದಂಥ ರೋಗಾಣು ಬೆಳೆಯುತ್ತದೆ. 60 ಡಿಗ್ರಿಯ ನೀರು ಮೈ ಸುಡುತ್ತದೆ, ಮಕ್ಕಳಿದ್ದರೆ ತಣ್ಣೀರು ಬೆರೆಸಿಯೇ ಕೊಡಿ. ಬಹಳ ದಿನ ನಿಂತ ಗೀಸರ್‌ನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಹಳೆಯ ನೀರೆಲ್ಲ ಬಸಿದು, ಹೊಸ ನೀರು ತುಂಬಿ ಚೆನ್ನಾಗಿ ಕಾಯಿಸಿ ಚೆಲ್ಲಿ.

ಗ್ಯಾಸ್ ಗೀಸರ್ ಇದ್ದವರಿಗೆ

ತೊಟ್ಟಿ ತೊಳೆಯುವ ಕೆಲಸ ನೀವೇ ಮಾಡಿಕೊಳ್ಳಬಹುದು. ಬರ್ನರ್ ಮಾತ್ರ ತಿಳಿದ ಮೆಕ್ಯಾನಿಕ್ಕಿನ ಕೈಯಲ್ಲೇ ಆಗಲಿ. ನಿಂತ ಗಾಡಿಯ ಹೊಗೆಕೊಳವೆಯಲ್ಲಿ, ಬರ್ನರಿನ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಜೇಡ ಬಲೆ ನೇಯುತ್ತದೆ. ಆಗ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಜೀವ ಕಳೆದುಕೊಂಡವರ ಸುದ್ದಿ ನಮ್ಮ ರಾಜ್ಯದಲ್ಲೇ ಮತ್ತೆಮತ್ತೆ ಬರುತ್ತದೆ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಮಸಿ ಹಿಡಿಯುತ್ತಿದ್ದರೆ ತಕ್ಷಣ ಆರಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಅಂಥ ಗಾಡಿಯಲ್ಲಿ ಮಲಗಬೇಡಿ.

ಊಟಿಗೆ ಹೋದಾಗ, ಗಾಡಿ ನಿಲ್ಲಿಸಿದಾಗ

ಬಂಡೀಪುರ ದಾಟಿ, ಕಲ್ಲಹಟ್ಟಿ ಘಾಟಿಯ 36 ತಿರುವು ಹತ್ತಿ ಊಟಿ ಸೇರುವವರು ಡಿಸೆಂಬರ್, ಜನವರಿಯಲ್ಲಿ ಮಾತ್ರ ಅಮೆರಿಕದವರ ಎಚ್ಚರಿಕೆಯನ್ನು ಸ್ವಲ್ಪ ನೆನೆಯಬೇಕು. ಅಲ್ಲಿ ಆಗ ಕೆಲವು ರಾತ್ರಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ದಪ್ಪ ಹೊದಿಕೆಯ ಗೀಸರ್‌ಗೆ ಒಂದು ರಾತ್ರಿಯಲ್ಲಿ ಏನೂ ಆಗದು. ಗಾಡಿಯ ಅಡಿಯಲ್ಲಿ ಬಯಲಿಗೆ ಬಿದ್ದಿರುವ ಸಣ್ಣ ಪೈಪಿನ ನೀರನ್ನು ಮಲಗುವ ಮುಂಚೆ ಬಸಿದುಬಿಡಿ, ಸಾಕು.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಮೇಲೆ ಹೇಳಿದಂತೆ ಗೀಸರ್ ನೀರು ಪೂರ್ತಿ ಬಸಿದು, ನಲ್ಲಿ ತೆರೆದಿಟ್ಟು ಒಳಗೆ ಒಣಗಲು ಬಿಡಿ. ಗೀಸರ್ ಸ್ವಿಚ್ಚಿನ ಮೇಲೆ ‘ನೀರಿಲ್ಲ, ಹಾಕಬೇಡಿ’ ಎಂದು ಬರೆದು ಅಂಟಿಸಿ, ಮನೆಯವರಿಗೂ ಡ್ರೈವರಿಗೂ ಹೇಳಿಡಿ.