ಎಲೆಕ್ಟ್ರಿಕ್ ಕಾರು ಕೊಟ್ಟು ಎಲೆಕ್ಟ್ರಿಕ್ ಪಿಕಪ್ ಕೊಳ್ಳಬೇಕೆ? ಅಮೆರಿಕದಲ್ಲಿರುವವರಿಗೆ ಒಂದು ಲೆಕ್ಕಾಚಾರ

ಅಮೆರಿಕದಲ್ಲಿ ಸ್ವಂತ ಮನೆಯಾಗಿ, ಹಿತ್ತಲಿಗೆ ಮಣ್ಣು, ಗೊಬ್ಬರ, ಹಲಗೆ ತರುವ ಕೆಲಸ ಶುರುವಾದ ಮೇಲೆ ಕಾರಿನ ಡಿಕ್ಕಿ ಚಿಕ್ಕದೆನಿಸತೊಡಗುತ್ತದೆ. ನಾಲ್ಕೈದು ವರ್ಷ ಎಲೆಕ್ಟ್ರಿಕ್ ಕಾರು ಓಡಿಸಿ ಅದಕ್ಕೆ ಒಗ್ಗಿಹೋದವರ ಕಣ್ಣು ಆಗ ಸಹಜವಾಗಿಯೇ ಎಲೆಕ್ಟ್ರಿಕ್ ಪಿಕಪ್‌ಗಳತ್ತ ಹೊರಳುತ್ತದೆ. ಆ ಹಂತದಲ್ಲಿ ಷೋರೂಮಿಗೆ ಹೋಗುವ ಮೊದಲು, ಕಳೆದ ಹನ್ನೆರಡು ತಿಂಗಳಲ್ಲಿ ಕಾರಿನಲ್ಲಿ ಹಿಡಿಸದ ಸಾಮಾನನ್ನು ಎಷ್ಟು ದಿನ ಸಾಗಿಸಬೇಕಾಯಿತು, ಎಷ್ಟು ದಿನ ಟ್ರೈಲರ್ ಎಳೆಯಬೇಕಾಯಿತು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಪಿಕಪ್ ಇದ್ದಿದ್ದರೆ ಏನೇನೋ ಮಾಡಬಹುದಿತ್ತು ಎನಿಸುವ ದಿನಗಳನ್ನು ಆ ಪಟ್ಟಿಗೆ ಸೇರಿಸಬಾರದು.

ಆ ದಿನಗಳು ಹತ್ತನ್ನು ದಾಟದಿದ್ದರೆ ಪಿಕಪ್ ಕೊಳ್ಳುವ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಯು-ಹಾಲ್, ಹೋಮ್ ಡಿಪೋಗಳಲ್ಲಿ ಪಿಕಪ್ ಬಾಡಿಗೆಗೆ ಸಿಗುತ್ತದೆ. ಅಲ್ಲದೆ ಈಗಿರುವ ಕಾರಿಗೇ ಕೊಂಡಿ ಹಾಕಿಸಿ ಚಿಕ್ಕ ಟ್ರೈಲರ್ ಎಳೆಯಲು ಸಾಧ್ಯವೇ ಎಂದು ಅದರ ಕೈಪಿಡಿಯಲ್ಲಿ ನೋಡಬಹುದು. ಟೆಸ್ಲಾ ಮಾಡೆಲ್ ವೈ ಕಾರಿಗೆ 3,500 ಪೌಂಡ್‌ವರೆಗೆ ಎಳೆಯುವ ಅನುಮತಿಯಿದೆ. ಇನ್ನೊಂದು ವಿಷಯ: ಪಿಕಪ್ ಮನೆ ಮುಂದೆ ನಿಂತ ದಿನದಿಂದ ಸ್ನೇಹಿತರು ಮನೆ ಬದಲಿಸುವಾಗಲೂ, ಕನ್ನಡ ಸಂಘದ ಯುಗಾದಿಗೆ ಪಾತ್ರೆ ಸಾಗಿಸುವಾಗಲೂ ಮೊದಲ ಫೋನು ನಿಮಗೇ ಬರುತ್ತದೆ.

ಹಾಳೆಯ ಮೇಲಿನ ದಿನಗಳು ಹೆಚ್ಚಿದ್ದರೆ ಮುಂದಿನ ಲೆಕ್ಕಕ್ಕೆ ಹೋಗಬಹುದು. ಪಿಕಪ್‌ನ ಉಪಯೋಗ ಕೆಲವೇ ದಿನ ಸಿಕ್ಕರೂ ಅದರ ಭಾರವನ್ನು ಪ್ರತಿ ಮೈಲಿಯಲ್ಲೂ ಹೊರಬೇಕಾಗುತ್ತದೆ. ಅಮೆರಿಕದ ಸರ್ಕಾರಿ ಅಳತೆಯ ಪ್ರಕಾರ ಷೆವ್ರೊಲೆ ಬೋಲ್ಟ್ ಕಾರಿಗೆ ನೂರು ಮೈಲಿಗೆ ಸುಮಾರು 28 ಯೂನಿಟ್ ವಿದ್ಯುತ್ ಬೇಕಾದರೆ, ದೊಡ್ಡ ಬ್ಯಾಟರಿಯ ಫೋರ್ಡ್ ಎಫ್-150 ಲೈಟ್ನಿಂಗ್ ಎಂಬ ಪಿಕಪ್‌ಗೆ ಸುಮಾರು 48 ಯೂನಿಟ್ ಬೇಕು. ವರ್ಷಕ್ಕೆ 12,000 ಮೈಲಿ ಓಡಿಸುವವರಿಗೆ ಈ ವ್ಯತ್ಯಾಸ 2,400 ಯೂನಿಟ್ ಆಗುತ್ತದೆ. ಯೂನಿಟ್‌ಗೆ 15 ಸೆಂಟ್ ಇರುವಲ್ಲಿ 360 ಡಾಲರ್, 35 ಸೆಂಟ್ ಇರುವಲ್ಲಿ 840 ಡಾಲರ್. ಭಾರಕ್ಕೆ ತಕ್ಕ ದುಬಾರಿ ಟೈರುಗಳ ಖರ್ಚು ಇದರ ಮೇಲಿನದು. ಕ್ಯಾಲಿಫೋರ್ನಿಯಾದಲ್ಲಿ ಪಿಕಪ್ ಅನ್ನು ವಾಣಿಜ್ಯ ವಾಹನವೆಂದೇ ನೋಂದಾಯಿಸುವುದರಿಂದ ತೂಕದ ಶುಲ್ಕವನ್ನೂ ಪ್ರತಿ ವರ್ಷ ಕಟ್ಟಬೇಕಾಗುತ್ತದೆ.

ಹೆಚ್ಚು ಜನ ಎಡವುವುದು ಟ್ರೈಲರ್ ಎಳೆಯುವ ವಿಷಯದಲ್ಲಿ. ಲೈಟ್ನಿಂಗ್ 10,000 ಪೌಂಡ್, ರಿವಿಯನ್ ಆರ್1ಟಿ ಮತ್ತು ಟೆಸ್ಲಾ ಸೈಬರ್‌ಟ್ರಕ್ 11,000 ಪೌಂಡ್‌ವರೆಗೆ ಎಳೆಯಬಲ್ಲವು ಎಂಬ ಅಂಕಿ ನಿಜವೇ, ಆದರೆ ಅದು ಎಷ್ಟು ದೂರ ಎಂಬುದನ್ನು ಹೇಳುವುದಿಲ್ಲ. ಎತ್ತರದ, ಚೌಕಾಕಾರದ ಟ್ರೈಲರ್ ಕಟ್ಟಿದರೆ ಗಾಳಿಯ ತಡೆಯಿಂದಾಗಿ ಒಂದು ಚಾರ್ಜಿಗೆ ಓಡುವ ದೂರ ಅರ್ಧಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ ಇಳಿಯುತ್ತದೆ; ಹೆದ್ದಾರಿಯಲ್ಲಿ ತೂಕಕ್ಕಿಂತ ಆಕಾರವೇ ಹೆಚ್ಚು ಕಾಡುತ್ತದೆ. ಒಂದು ಚಾರ್ಜಿಗೆ 320 ಮೈಲಿ ಎಂದು ಬರೆದಿರುವ ಗಾಡಿಗೆ ಇಂಥ ಟ್ರೈಲರ್ ಕಟ್ಟಿ, ಬ್ಯಾಟರಿಯನ್ನು ಪೂರ್ತಿ ಬರಿದಾಗಲು ಬಿಡದೆ, ಶೇಕಡ 80ರಿಂದ 10ರವರೆಗೆ ಮಾತ್ರ ಬಳಸುತ್ತ ಹೋದರೆ ಎರಡು ಚಾರ್ಜಿಂಗ್ ನಿಲ್ದಾಣಗಳ ನಡುವೆ ಸಿಗುವುದು ಸುಮಾರು 110 ಮೈಲಿ. ನಿಲ್ದಾಣಗಳಲ್ಲಿ ಹೆಚ್ಚಿನವು ಕಾರು ನಿಲ್ಲಿಸುವ ಅಳತೆಗೆ ಕಟ್ಟಿದವು, ಆದ್ದರಿಂದ ಪ್ರತಿ ಸಲವೂ ಟ್ರೈಲರ್ ಬಿಚ್ಚಿ ಮತ್ತೆ ಕಟ್ಟುವ ಕೆಲಸ ಬೀಳಬಹುದು.

ಎಳೆಯುವ ಸಾಮರ್ಥ್ಯಕ್ಕಿಂತ ಮೊದಲೇ ಮುಗಿದುಹೋಗುವುದು ಹೊರುವ ಸಾಮರ್ಥ್ಯ. ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿ, ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಅಚ್ಚಾಗಿರುತ್ತದೆ. ಟ್ರೈಲರಿನ ತೂಕದಲ್ಲಿ ಶೇಕಡ 10ರಿಂದ 15ರಷ್ಟು ಕೊಂಡಿಯ ಮೇಲೆಯೇ ಕೂರುವುದರಿಂದ ಅದನ್ನೂ ಈ ಲೆಕ್ಕಕ್ಕೆ ಹಿಡಿಯಬೇಕು. ಸರಾಸರಿ 160 ಪೌಂಡ್ ತೂಗುವ ಐದು ಜನ 800 ಪೌಂಡ್, 8,000 ಪೌಂಡ್ ಟ್ರೈಲರಿನ ಕೊಂಡಿಭಾರ ಶೇಕಡ 12ರಂತೆ 960 ಪೌಂಡ್. ಒಟ್ಟು 1,760 ಪೌಂಡ್ ಆದಾಗ ಸಾಮಾನು ತುಂಬುವ ಹಿಂಬದಿಯ ಬೆಡ್‌ಗೆ ಒಂದು ಐಸ್ ಪೆಟ್ಟಿಗೆ ಇಡುವುದಕ್ಕೂ ಯೋಚಿಸಬೇಕಾಗಬಹುದು. ಕೊಳ್ಳಲಿರುವ ಗಾಡಿಯದೇ ಚೀಟಿಯನ್ನು ಓದಬೇಕು, ಜಾಹೀರಾತಿನ ಗರಿಷ್ಠ ಅಂಕಿಯನ್ನು ನಂಬಬಾರದು.

ಬೆಡ್‌ನ ಉದ್ದವನ್ನೂ ನೋಡಿ: ರಿವಿಯನ್ನಿನದು ಸುಮಾರು 4.5 ಅಡಿ, ಲೈಟ್ನಿಂಗ್‌ದು 5.5 ಅಡಿ, ಸೈಬರ್‌ಟ್ರಕ್ಕಿನದು 6 ಅಡಿ. ಎಂಟಡಿಯ ಪ್ಲೈವುಡ್ ಹಲಗೆಗೆ ಈ ಮೂರರಲ್ಲೂ ಹಿಂಬಾಗಿಲು ಇಳಿಸಲೇಬೇಕು.

ನಂತರ ಟೇಪು ಹಿಡಿದು ಗ್ಯಾರೇಜಿಗೆ ಹೋಗಬೇಕು. ಲೈಟ್ನಿಂಗ್‌ನ ಉದ್ದ 19 ಅಡಿ ದಾಟುತ್ತದೆ, ಕನ್ನಡಿಗಳನ್ನೂ ಸೇರಿಸಿದರೆ ಅಗಲ ಎಂಟು ಅಡಿಗೆ ಹತ್ತಿರ. ಇಪ್ಪತ್ತು ಅಡಿ ಆಳದ ಗ್ಯಾರೇಜಿನ ಕೊನೆಯಲ್ಲಿ ನೀರು ಕಾಯಿಸುವ ಬಾಯ್ಲರ್ ಇದ್ದರೆ ಬಾಗಿಲು ಮುಚ್ಚುವುದಿಲ್ಲ. ಸಾಧಾರಣ 120 ವೋಲ್ಟ್ ಪ್ಲಗ್ಗಿನಿಂದ ಗಂಟೆಗೆ ಐದು ಮೈಲಿಯಷ್ಟು ತುಂಬಿಸಿಕೊಂಡು ಕಾರಿನಲ್ಲಿ ಕಾಲ ಹಾಕಿದವರಿಗೆ ಅದೇ ಪ್ಲಗ್ ಪಿಕಪ್‌ಗೆ ಮೂರು ಮೈಲಿಯಷ್ಟನ್ನೇ ಕೊಡುತ್ತದೆ. 48 ಆಂಪಿಯರಿನ ಚಾರ್ಜರ್ ಹಾಕಿಸಿದರೆ ಗಂಟೆಗೆ ಸುಮಾರು 24 ಮೈಲಿ ಸಿಗುತ್ತದೆ, ಆದರೆ ಅದಕ್ಕೆ 60 ಆಂಪಿಯರಿನ ಬ್ರೇಕರ್ ಬೇಕು; ಮನೆಯ ಪ್ಯಾನೆಲ್‌ನಲ್ಲಿ ಅಷ್ಟು ಜಾಗವಿದೆಯೇ ಎಂದು ಎಲೆಕ್ಟ್ರೀಷಿಯನ್‌ರಿಂದ ಮೊದಲೇ ತಿಳಿದುಕೊಳ್ಳುವುದು ಉಚಿತ.

ಪಿಕಪ್ ಪರವಾಗಿ ಗಟ್ಟಿಯಾಗಿ ಹೇಳಬಹುದಾದ ಮಾತೊಂದಿದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್‌ನಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ನಡುಗಿದವರಿಗೆ ಲೈಟ್ನಿಂಗ್‌ನಲ್ಲಿರುವ 131 ಯೂನಿಟ್‌ಗಳ ಬ್ಯಾಟರಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಲೈಟ್ನಿಂಗ್‌ನ ಕೆಲವು ಮಾದರಿಗಳು 9.6 ಕಿಲೋವ್ಯಾಟ್‌ವರೆಗೆ ವಿದ್ಯುತ್ತನ್ನು ಹೊರಗೆ ಕೊಡುತ್ತವೆ. ದಿನಕ್ಕೆ 30 ಯೂನಿಟ್ ಬಳಸುವ ಮನೆ ಅದರಲ್ಲಿ ಮೂರು ದಿನಕ್ಕೂ ಹೆಚ್ಚು ಕಾಲ ನಡೆಯಬಹುದು. ಆದರೆ ಇಡೀ ಮನೆಗೆ ಜೋಡಿಸುವ ಉಪಕರಣಕ್ಕೆ ಬೇರೆಯೇ ಖರ್ಚಿದೆ. ನಿಮ್ಮ ಊರಿನಲ್ಲಿ ಪದೇ ಪದೇ ಕರೆಂಟ್ ಹೋಗುವುದಾದರೆ ಮೇಲಿನ ಹತ್ತು ದಿನಗಳ ಮಿತಿಯನ್ನು ನಾನೂ ಸಡಿಲಿಸುತ್ತೇನೆ.

ಬೆಲೆಯ ವಿಷಯದಲ್ಲಿ, 7,500 ಡಾಲರ್‌ಗಳ ಕೇಂದ್ರ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಕೊನೆಗೊಂಡಿತು ಎಂಬುದನ್ನು ಮರೆಯಬಾರದು. ಅದೇ ಡಿಸೆಂಬರಿನಲ್ಲಿ ಫೋರ್ಡ್ ಸಂಸ್ಥೆ ಪೂರ್ಣ ಎಲೆಕ್ಟ್ರಿಕ್ ಲೈಟ್ನಿಂಗ್‌ನ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಬಳಸಿದ ಲೈಟ್ನಿಂಗ್ ನೋಡುವವರು ಎಂಟು ವರ್ಷ ಅಥವಾ 1,00,000 ಮೈಲಿಯ ಬ್ಯಾಟರಿ ಖಾತರಿಯಲ್ಲಿ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿ, ವಿಮೆಯ ಕಂತನ್ನು ಕೇಳಿ, ಆಮೇಲೆ ದರದ ಮಾತಿಗೆ ಇಳಿಯಬೇಕು.

ಇಷ್ಟಾದ ಮೇಲೂ ಮನಸ್ಸು ಪಿಕಪ್ ಕಡೆಗೇ ಇದ್ದರೆ, ಅದೇ ಮಾದರಿಯ ಗಾಡಿಯನ್ನು ಒಂದು ವಾರಾಂತ್ಯ ಬಾಡಿಗೆಗೆ ತನ್ನಿ. ಆಫೀಸಿನ ಪಾರ್ಕಿಂಗ್ ಕಟ್ಟಡದ ತಿರುವುಗಳಲ್ಲಿ ಓಡಿಸಿ, ಹತ್ತಿರದ ಚಾರ್ಜಿಂಗ್ ನಿಲ್ದಾಣದಲ್ಲಿ ಕೇಬಲ್ ಮುಟ್ಟುತ್ತದೆಯೇ ನೋಡಿ. ಲೈಟ್ನಿಂಗ್‌ನ ಚಾರ್ಜಿಂಗ್ ಬಾಯಿ ಮುಂಬದಿಯಲ್ಲಿರುವುದರಿಂದ ಟೆಸ್ಲಾ ನಿಲ್ದಾಣದ ಗಿಡ್ಡ ಕೇಬಲ್ಲಿಗೆ ಎರಡು ಗಾಡಿಗಳ ಜಾಗ ಹಿಡಿದು ನಿಲ್ಲಿಸಬೇಕಾದೀತು. ಊರಿನಿಂದ ಅಪ್ಪ-ಅಮ್ಮ ಬಂದು ಆರು ತಿಂಗಳು ಇರುವ ಮನೆಯಾದರೆ, ಅವರು ಇಲ್ಲಿರುವಾಗಲೇ ಗಾಡಿ ತಂದು ಹತ್ತಿಸಿ, ಇಳಿಸಿ ನೋಡಿ. ಮೊಣಕಾಲು ನೋವಿನ ಅಮ್ಮನಿಗೆ ಮೆಟ್ಟಿಲು ಪಟ್ಟಿ ಹಾಕಿಸಿದರೂ ಹತ್ತಲು ಆಗದಿದ್ದರೆ, ಕಾರನ್ನು ಮಾರದೆ ಇನ್ನೊಂದಷ್ಟು ಕಾಲ ಉಳಿಸಿಕೊಳ್ಳಿ.